ಮಹಾದೇವಕ್ಕನ ಕೈ, ಬೆಕ್ಕಿನ ಪುದೀನಾ

ತಿರ್ಲಾಪುರದ ಮಹಾದೇವಕ್ಕ ಎಮ್ಮೆ ಕಟ್ಟುವ ಗೂಟ ನೆಟ್ಟರೂ ಅದು ಚಿಗುರುತ್ತಿತ್ತು. ಇದು ಹೊಗಳಿಕೆಗೆ ಆಡಿದ ಮಾತಲ್ಲ, ನಡೆದದ್ದು. ಒಂದು ಮಳೆಗಾಲದಲ್ಲಿ ಅವಳು ನುಗ್ಗೆಯ ತುಂಡೊಂದನ್ನು ಹಿತ್ತಲಲ್ಲಿ ಬಡಿದು ಎಮ್ಮೆ ಕಟ್ಟಿದಳು. ಹದಿನೈದು ದಿನಕ್ಕೆ ಗೂಟ ಎಲೆ ಬಿಟ್ಟಿತು. ಎಮ್ಮೆ ಎಲೆ ತಿಂದಿತು, ಆಮೇಲೆ ತೊಗಟೆ ತಿಂದಿತು, ಕಡೆಗೆ ಗೂಟ ಸಣ್ಣಗಾಗಿ ಹಗ್ಗ ಜಾರಿತು. ಎಮ್ಮೆ ಸಿಕ್ಕಿದ್ದು ಮೈದುನನ ಮಗ ಸುಭಾಸನ ಹೊಲದಲ್ಲಿ, ಅರ್ಧ ಎಕರೆ ಜೋಳ ಮುಗಿದ ಮೇಲೆ. ಸುಭಾಸ ಬೈಯಲಿಲ್ಲ. "ದೊಡ್ಡವ್ವನ ಕೈಗುಣ, ಯಾರ ಏನ ಮಾಡಾಕಾಗತೈತಿ?" ಎಂದು ಎಮ್ಮೆಯನ್ನು ಹೊಡೆದುಕೊಂಡು ಬಂದು ಕಟ್ಟಿ ಹೋದ, ಈ ಸಲ ಕಲ್ಲಿನ ಕಂಬಕ್ಕೆ.

ಹತ್ತೊಂಬತ್ತು ವರ್ಷದವಳಾಗಿ ಕುಬಿಹಾಳದಿಂದ ಈ ಊರಿಗೆ ಸೊಸೆಯಾಗಿ ಬಂದಾಗ ಅವಳ ಸೆರಗಿನ ಗಂಟಿನಲ್ಲಿ, ಒದ್ದೆ ಬಟ್ಟೆಯೊಳಗೆ ಒಂದು ಮಲ್ಲಿಗೆ ಕಡ್ಡಿ ಇತ್ತು. ಅದನ್ನು ಅವಳು ತನ್ನ ತಾಯಿಯ ಹಿತ್ತಲಿನಿಂದಲೇ ಕದ್ದಿದ್ದಳು. ಕೇಳಿದ್ದರೆ ತಾಯಿ ಬುಟ್ಟಿ ತುಂಬ ಕೊಡುತ್ತಿದ್ದಳು. ಆದರೆ ಕೇಳಿ ತಂದ ಕಡ್ಡಿ ನಾಟುವುದಿಲ್ಲ, ಕದ್ದು ತಂದದ್ದೇ ನಾಟುತ್ತದೆ ಎಂಬುದು ಈ ಭಾಗದ ಹೆಂಗಸರೆಲ್ಲ ಒಪ್ಪಿಕೊಂಡ ಕಾಯಿದೆ. ಕದ್ದದ್ದನ್ನು ಮಣ್ಣಿಗಿಡುವ ತನಕ ಬಾಯಿ ಬಿಡಬಾರದು. ಇಟ್ಟ ಮೇಲೆ ಅದು ಕದ್ದವಳ ಗಿಡ, ಅವಳ ಕೈಯ ಗಿಡ. ಹಳೆಯ ಒಡತಿ ನನ್ನದು ಎನ್ನುವಂತಿಲ್ಲ.

ಕಳುವಿಗೆ ಅನುಕೂಲ ಮಾಡಿಕೊಡುವುದು ಒಡತಿಯ ಮರ್ಯಾದೆ. ಯಾರಾದರೂ ಹಿತ್ತಲಿಗೆ ಬಂದು ದಾಸವಾಳದ ಮುಂದೆ ಹೆಚ್ಚು ಹೊತ್ತು ನಿಂತರೆ ಮಹಾದೇವಕ್ಕನಿಗೆ ತಿಳಿಯುತ್ತಿತ್ತು. "ನಾ ಒಳಗ ಹೊಂಟೀನವಾ, ಚಾ ಇಡ್ತೀನಿ," ಎಂದು ನಾಲ್ಕು ಮನೆಗೆ ಕೇಳುವಂತೆ ಹೇಳಿ ಒಳಗೆ ಹೋಗುತ್ತಿದ್ದಳು. ಒಲೆಯ ಮುಂದೆ ಬೇಕಂತಲೇ ತಡಮಾಡುತ್ತಿದ್ದಳು. ಚಹಾ ತರುವಾಗ ಒಂದು ಸಲ ಕೆಮ್ಮುತ್ತಿದ್ದಳು. ಬಂದವರ ಸೆರಗು ಒಂದು ಕಡೆ ಉಬ್ಬಿರುತ್ತಿತ್ತು, ಗುಲಾಬಿಯಾಗಿದ್ದರೆ ಮುಖದಲ್ಲಿ ಸ್ವಲ್ಪ ನೋವೂ ಇರುತ್ತಿತ್ತು. ಯಾರೂ ಏನೂ ಆಡುತ್ತಿರಲಿಲ್ಲ. ಚಹಾ ಕುಡಿದು ಹೋಗುತ್ತಿದ್ದರು. ಹಾಗೆ ಆ ಹಿತ್ತಲು ಊರೆಲ್ಲ ಹಬ್ಬಿತ್ತು.

ಆ ಮನೆಯಲ್ಲಿ ಇನ್ನೊಂದು ಕೈಯೂ ಇತ್ತು. ಅದು ಗಂಡ ಈರಬಸಪ್ಪನದು. ಮೂವತ್ನಾಲ್ಕು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿಳಿದ ಮನುಷ್ಯ. ಯಾವ ವಸ್ತುವನ್ನೂ ಒಮ್ಮೆಲೇ ಅಂಗೈಯಿಂದ ಮುಟ್ಟುವುದಿಲ್ಲ. ಕರೆಂಟ್ ಇದೆಯೇನೋ ಎಂಬಂತೆ ಮೊದಲು ಬೆರಳ ಹಿಂಬದಿ ತಾಗಿಸಿ ನೋಡುತ್ತಾನೆ, ಅದು ತಟ್ಟೆಯ ರೊಟ್ಟಿಯಾದರೂ ಅಷ್ಟೇ, ಬೀಗರ ಹೆಗಲಾದರೂ ಅಷ್ಟೇ. ನಿವೃತ್ತನಾಗಿ ಬರುವಾಗ ಒಂದು ಜೊತೆ ರಬ್ಬರ್ ಕೈಗವಸು ಮತ್ತು ಕೆಟ್ಟ ಬೀದಿದೀಪದ ಗಾಜಿನ ಮುಚ್ಚಳವೊಂದನ್ನು ನೆನಪಿಗೆಂದು ತಂದಿದ್ದ. ಅವನು ನೆಟ್ಟ ಮಾವು ಒಣಗಿತು, ಲಿಂಬಿ ಒಣಗಿತು, ಕಡೆಗೆ ಲೋಳೆಸರವೂ ಒಣಗಿತು. "ಇವರ ಕೈ ಹತ್ತಿದ್ರ ಪಾಪಾಸಕಳ್ಳಿನೂ ರಾಮಾ ಅಂತೈತಿ," ಎಂದು ಮಹಾದೇವಕ್ಕ ಅವನಿಗೆ ಬಟ್ಟೆ ಒಗೆಯುವ ಕಲ್ಲಿನ ಗಡಿ ಹಾಕಿದ್ದಳು. ಅದರಾಚೆ ಗಿಡಗಳ ಸೀಮೆ.

ಮಹಾದೇವಕ್ಕನ ಕೈಗೆ ವರ್ಷಕ್ಕೊಮ್ಮೆ ಒಂದು ದೊಡ್ಡ ಕೆಲಸ ಇರುತ್ತಿತ್ತು. ಜೂನ್ ಮಳೆ ಬಿದ್ದು ಎರೆಹೊಲ ಹದವಾದಾಗ, ಹೆಸರುಕಾಳು ಬಿತ್ತುವ ಮೊದಲ ಮುಷ್ಟಿ ಅವಳದು. ಹಿಂದೆ ಎತ್ತಿನ ಕೂರಿಗೆಯ ಬಟ್ಟಲಿಗೆ ಹಾಕುತ್ತಿದ್ದಳು, ಈಗ ಟ್ರ್ಯಾಕ್ಟರ್ ಕೂರಿಗೆಯ ಕಬ್ಬಿಣದ ಪೆಟ್ಟಿಗೆಗೆ ಹಾಕುತ್ತಾಳೆ. ಸುಭಾಸ ಹೊಸ ಸೀರೆ ಉಟ್ಟುಕೊಂಡ ದೊಡ್ಡವ್ವನನ್ನು ಟ್ರ್ಯಾಕ್ಟರಿನ ಮೇಲೆ ಕೂಡಿಸಿಕೊಂಡು ಹೋಗುತ್ತಾನೆ. ಆ ಒಂದು ಮುಷ್ಟಿಗಾಗಿ ಅವಳು ವರ್ಷವೆಲ್ಲ ಕಾಯುತ್ತಾಳೆಂದು ಯಾರಿಗೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಮೇ ತಿಂಗಳ ಸೂಟಿಗೆ ಧಾರವಾಡದಲ್ಲಿ ಮಾಸ್ತರಿಕಿ ಮಾಡುವ ಮಗಳು ಶೈಲಾ ಬಂದಳು. ಕೈಯಲ್ಲಿ ಕುಂಡವಿತ್ತು. ಬೂದುಹಸಿರು ಬಣ್ಣದ, ಸುಕ್ಕು ಸುಕ್ಕಾದ ಸಣ್ಣ ಎಲೆಗಳು, ನಡುವೆ ಮುಸ್ಸಂಜೆಯ ಬಣ್ಣದ ಹೂವಿನ ತೆನೆ.

"ಯವ್ವಾ, ಇದಕ್ಕ ಕ್ಯಾಟ್‌ಮಿಂಟ್ ಅಂತಾರ. ಬೆಕ್ಕಿನ ಪುದೀನಾ."

"ಬೆಕ್ಕಿಗ್ಯಾಕಬೇ ಪುದೀನಾ? ಚಟ್ನಿ ಅರೀತೈತೇನು?"

ಈರಬಸಪ್ಪ ಕನ್ನಡಕ ಹಾಕಿಕೊಂಡು ಎಲೆಯನ್ನು ಬೆರಳ ಹಿಂಬದಿಯಿಂದ ತಾಗಿಸಿ ನೋಡಿದ. "ಎಲಿ ಬೆಕ್ಕಿನ ಕಿವಿ ಇದ್ದಂಗೈತಿ. ಅದಕ್ಕ ಆ ಹೆಸರು," ಎಂದ. ಮಾತು ಅಲ್ಲಿಗೆ ಮುಗಿಯಿತು.

"ನರ್ಸರಿಯಂವಾ ಹೇಳಿದ," ಎಂದಳು ಶೈಲಾ, "ನಿಮ್ಮ ಕಡೆ ಬಿಸಲಾಗ ಕಡ್ಡಿ ಹಚ್ಚಿದ್ರ ನಾಟೂದು ಭಾಳ ಕಷ್ಟ ಅಂತ."

"ಯಾರ ಕೈಗೆ ಕಷ್ಟ?" ಎಂದಳು ಮಹಾದೇವಕ್ಕ.

ಗೋಡೆಯಾಚೆ ಮೈಮುನಬಿಯ ಮನೆ. ನವಲಗುಂದದ ಜಮಖಾನ ನೇಯುವ ಮನೆತನದವಳು, ಲಗ್ನವಾಗಿ ಬರುವಾಗ ಮಗ್ಗವನ್ನೂ ಸಂಗಡ ತಂದವಳು. ಇಬ್ಬರೂ ಒಂದೇ ವರ್ಷ ಈ ಓಣಿಗೆ ಬಂದ ಸೊಸೆಯಂದಿರು. ಮೈಮುನಬಿ ಹೂವಿನ ಬಣ್ಣ ನೋಡಿ, "ಅಕ್ಕಾ, ಈ ಬಣ್ಣದ ನೂಲು ಹುಬ್ಬಳ್ಳಿಯಾಗೂ ಸಿಗೂದಿಲ್ಲ. ಸಸಿ ಮಾಡು, ನಾ ಒಂದು ಕದೀತೀನಿ," ಎಂದಳು. ಅವಳ ನವಾಬ, ಕಿವಿ ಹರಿದ ದೊಡ್ಡ ಬೂದು ಬೆಕ್ಕು, ಕುಂಡದ ಪಕ್ಕದಲ್ಲೇ ಹಾದುಹೋಗಿ ಗೋಡೆ ಹಾರಿತು. ಗಿಡದ ಕಡೆ ತಿರುಗಿಯೂ ನೋಡಲಿಲ್ಲ.

ಮರುದಿನ ನಸುಕಿಗೆ ಮಹಾದೇವಕ್ಕ ಕೆಲಸಕ್ಕೆ ಕುಳಿತಳು. ಹೂವಿಲ್ಲದ ಎಳೆಯ ತುದಿಗಳನ್ನು ಹುಡುಕಿ, ಗೆಣ್ಣಿನ ಕೆಳಗೆ, ಅರ್ಧ ಗೇಣಿನಷ್ಟು ಕತ್ತರಿಸಿದಳು. ಕೆಳಗಿನ ಎಲೆಗಳನ್ನು ಬಿಡಿಸಿದಳು. ಎರೆಮಣ್ಣು ಒಂದೇ ಇದ್ದರೆ ಕಾಲು ಕೊಳೆಯುತ್ತದೆಂದು ಹಳ್ಳದ ಉಸುಕು ಬೆರೆಸಿ ತೆಂಗಿನ ಕರಟಗಳಿಗೆ ತುಂಬಿದಳು. ಕಡ್ಡಿ ಊರಿ ಸುತ್ತ ಮಣ್ಣು ಒತ್ತಿದಳು. ಕೊನೆಗೆ ತನ್ನ ವಾಡಿಕೆಯಂತೆ ಒಂದೊಂದು ಸಸಿಯ ಎಲೆಯನ್ನೂ ಎರಡು ಅಂಗೈ ನಡುವೆ ಮೆಲ್ಲಗೆ ತೀಡಿ, ಮೂಸಿ, ನೆತ್ತಿ ಸವರಿ, "ಬಾ ನನ್ನವ್ವಾ, ಬೇರು ಬಿಡು," ಎಂದಳು. ಸೊಸೆಯನ್ನು ಹೊಸಿಲು ದಾಟಿಸುವಂತೆ, ಐದೂ ಕರಟಗಳನ್ನು ಅವರೆ ಚಪ್ಪರದ ನೆರಳಿಗೆ ಸೇರಿಸಿದಳು.

ಮರುಮುಂಜಾನೆ ನೋಡಿದರೆ ಐದಕ್ಕೆ ಐದೂ ಮಲಗಿದ್ದವು. ಕರಟ ಉರುಳಿದ್ದವು. ಯಾರೋ ಮೇಲೆ ಬಿದ್ದು ಹೊರಳಾಡಿದಂತೆ ಎಲೆ ಜಜ್ಜಿಹೋಗಿತ್ತು.

"ಗಾಳಿ," ಎಂದಳು ಮಹಾದೇವಕ್ಕ.

ಎರಡನೆಯ ಸಲ ಕಲ್ಲು ಒತ್ತಿಟ್ಟಳು. ಮತ್ತೆ ಅದೇ ಗತಿ. "ಯಾರದೋ ಕಣ್ಣು," ಎಂದು ಒಣಮೆಣಸಿನಕಾಯಿ ನಿವಾಳಿಸಿ ಸುಟ್ಟಳು. ಮೂರನೆಯ ಸಲ ಇನ್ನೂ ಹೆಚ್ಚು ಅಕ್ಕರೆಯಿಂದ ತೀಡಿದಳು, ಇನ್ನೂ ಹೆಚ್ಚು ಸವರಿದಳು, ಹಾಡೊಂದನ್ನೂ ಗುನುಗಿದಳು. ಆ ಮುಂಜಾನೆ ಒಂದು ಕಡ್ಡಿ ಕರಟ ಬಿಟ್ಟು ಮೂರು ಮಾರು ದೂರದಲ್ಲಿತ್ತು. ಅವಳು ಗಂಡನ ಕಡೆ ತಿರುಗಿದಳು.

"ಖರೇ ಹೇಳ್ರಿ. ಕಲ್ಲು ದಾಟಿ ಈಚಿಗೆ ಬಂದಿದ್ರೇನು?"

"ನಾ ಯಾಕ ಬರ್ಲಿ? ಬಂದ್ರೂ ನಾನೇನ ಹೊಳ್ಳಾಡ್ತೀನೇನು ಅದರ ಮ್ಯಾಲ?"

ಸುದ್ದಿ ಗೋಡೆ ಹಾರಿ ಓಣಿಗೆ ಬಂತು, ಓಣಿಯಿಂದ ಹಿಟ್ಟಿನ ಗಿರಣಿಗೆ ಹೋಯಿತು. ಗಿರಣಿ ಮುಟ್ಟಿದ ಮೇಲೆ ಊರಿಗೆಲ್ಲ ಒಂದೇ ದಿನ. ಜನ ಅವಳ ಕೈಯನ್ನು ಮುರಿದ ಎಲುಬಿನಂತೆ ವಿಚಾರಿಸತೊಡಗಿದರು. ಸುಭಾಸನೂ ಒಂದು ಸಂಜೆ ಬಂದು, ಕೂಡ್ರದೆ ನಿಂತುಕೊಂಡೇ, "ದೊಡ್ಡವ್ವಾ, ಈಗ ಹೆಂಗೈತಿ ಕೈ?" ಎಂದ.

"ಕೈಗೇನಾಗೈತೋ?"

"ಏನಿಲ್ಲ ಬಿಡು. ಸುಮ್ನ ಕೇಳಿದೆ. ಬಿತ್ತಿಗೆ ಇನ್ನ ಇಪ್ಪತ್ತು ದಿನ ಐತಿ."

ಆ 'ಬಿಡು' ಅವಳಿಗೆ ಚುಚ್ಚಿತು. ಮೈಮುನಬಿ ಗೋಡೆಯ ಮೇಲಿಂದ ಕೇಳುತ್ತಿದ್ದಾಳೆಂಬುದನ್ನೂ ಲೆಕ್ಕಿಸದೆ ಮಹಾದೇವಕ್ಕ ದನಿ ಏರಿಸಿದಳು. "ಕೇಳಿಲ್ಲೆ ಸುಭಾಸ. ಬಿತ್ತೂ ದಿನದೊಳಗ ನನ್ನ ಕೈಲೆ ಇಟ್ಟ ಈ ಸಸಿ ನಾಟಿ ನಿಂತ್ರ ಸರಿ. ಇಲ್ಲಂದ್ರ ಈ ವರ್ಷ ನಿನ್ನ ಕೂರಿಗಿ ಪೆಟ್ಟಿಗಿ ನಾ ಮುಟ್ಟಂಗಿಲ್ಲ. ಬ್ಯಾರೆ ಕೈ ನೋಡಿಕೋ."

ಸುಭಾಸ ಹೋದ ಮೇಲೆ ಅವಳು ಒಳಗೆ ಹೋಗಿ ಅಂಗೈ ಬಿಡಿಸಿ ದೀಪಕ್ಕೆ ಹಿಡಿದು ನೋಡಿಕೊಂಡಳು. ಎಂದಿನ ಕೈಯೇ. ಗೆರೆಗಳಲ್ಲಿ ಮಣ್ಣು, ಬೆರಳ ತುದಿಯಲ್ಲಿ ಪುದೀನಾದ ವಾಸನೆ. ಬಾಗಿಲ ಸಂದಿಯಿಂದ ಈರಬಸಪ್ಪ ಅದನ್ನು ನೋಡಿದ.

ಮರುದಿನದಿಂದ ಎಪ್ಪತ್ತು ದಾಟಿದ ಈರಬಸಪ್ಪ ಬೆಳಿಗ್ಗೆ ಬೆಳಿಗ್ಗೆ ಏಣಿ ಇಟ್ಟು ಬಚ್ಚಲಮನೆಯ ಮಾಳಿಗೆ ಹತ್ತತೊಡಗಿದ. ಕೇಳಿದರೆ, "ಕಂಬದ ರೂಢಿ, ಮ್ಯಾಲ ಹತ್ತದಿದ್ರ ಮೊಣಕಾಲು ಹಿಡೀತಾವು," ಎಂದ. ಮಹಾದೇವಕ್ಕನಿಗೆ ಅದನ್ನು ತನಿಖೆ ಮಾಡುವ ಮನಸ್ಸಿರಲಿಲ್ಲ. ಅವಳು ನಾಲ್ಕನೆಯ, ಐದನೆಯ, ಆರನೆಯ ಸಲ ಕಡ್ಡಿ ಹಚ್ಚುತ್ತಿದ್ದಳು. ಸೂಟಿ ಮುಗಿದು ಶೈಲಾ ಧಾರವಾಡಕ್ಕೆ ಹೋದಳು, ತಾಯಿಗಿಡ ಬೋಳಾಗುತ್ತ ಬಂತು.

ಜೂನ್ ಎಂಟಕ್ಕೆ ಮಳೆ ಬಿತ್ತು, ಮರುದಿನವೂ ಬಿತ್ತು. ಹತ್ತನೆಯ ತಾರೀಖು ನಸುಕಿಗೆ ಗೋಡೆಯಾಚೆಯಿಂದ ಮೈಮುನಬಿಯ ಪಿಸುದನಿ ಕೇಳಿತು.

"ಅಕ್ಕಾ, ಬಾ ಇಲ್ಲೆ. ಸಪ್ಪಳ ಮಾಡಬ್ಯಾಡ. ನಿನ್ನ ಸಸಿಗೆ ಕಣ್ಣ ಹಾಕಿದೋರ್ನ ತೋರಸ್ತೀನಿ."

ಚಪ್ಪರದ ಕೆಳಗೆ ಆರು ಬೆಕ್ಕುಗಳಿದ್ದವು. ನಡುವೆ ನವಾಬ. ಹಿಂದಿನ ದಿನ ಹಚ್ಚಿದ ಕಡ್ಡಿಗಳ ಮೇಲೆ ಅಂಗಾತ ಬಿದ್ದು, ನಾಲ್ಕೂ ಕಾಲು ಮೇಲೆತ್ತಿ, ಬಾಯಿಂದ ಜೊಲ್ಲು ಸುರಿಸುತ್ತ, ಮದುವೆಯ ಊಟ ಮುಗಿಸಿದ ಬೀಗರಂತೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳುತ್ತಿತ್ತು. ಇನ್ನೊಂದು ಕರಟವನ್ನು ತಬ್ಬಿಕೊಂಡು ಮಲಗಿತ್ತು. ಮತ್ತೊಂದು ಸುಮ್ಮನೆ ಗೋಡೆ ನೋಡುತ್ತ ಕುಳಿತಿತ್ತು, ಅದಕ್ಕೆ ಆಗಲೇ ಸಾಕಾಗಿತ್ತು.

"ಅಯ್ಯ ಇವುಗಳ!" ಎಂದಳು ಮಹಾದೇವಕ್ಕ. "ಆದ್ರ ಕುಂಡದಾಗಿನ ದೊಡ್ಡ ಗಿಡ ಒಂದ ದಿನಾನೂ ಮುಟ್ಟಿಲ್ಲಲ್ಲಬೇ?"

ಮೈಮುನಬಿ ಐವತ್ತು ವರ್ಷ ನೂಲಿನ ಎಳೆ ಹುಡುಕಿ ಗಂಟು ಬಿಡಿಸಿದವಳು. ಇದನ್ನೂ ಹಾಗೆಯೇ ಬಿಡಿಸಿದಳು. "ನೀ ಸಸಿ ಇಟ್ಟಮ್ಯಾಲ ಏನ ಮಾಡ್ತಿ? ಎಲಿ ತೀಡ್ತಿ, ಸವರ್ತಿ. ತೀಡಿದಷ್ಟೂ ವಾಸನಿ ಬಿಡತೈತಿ. ದೊಡ್ಡ ಗಿಡದಾಗ ವಾಸನಿ ಎಲಿಯೊಳಗ ಸುಮ್ನ ಮಲಗೇತಿ. ನೀ ತೀಡಿ ಎಬ್ಬಿಸಿದಿ, ಇವು ಕರೀಲಾರದ ಬಂದುವು. ಕೈ ತಾ ನೋಡೂಣು."

ಮಹಾದೇವಕ್ಕ ಕೈ ಚಾಚಿದಳು. ನವಾಬ ಎದ್ದು ತೂರಾಡುತ್ತ ಬಂದು ಅವಳ ಅಂಗೈಗೆ ಕೆನ್ನೆ ಉಜ್ಜಿತು, ನೆಕ್ಕಿತು, ಕಾಲ ಮೇಲೆ ಬಿದ್ದು ಹೊರಳಿತು. ಉಳಿದ ಐದೂ ಸಾಲಾಗಿ ಬಂದವು.

"ನಿನ್ನ ಕೈಗುಣ ಹೋಗಿಲ್ಲ ಅಕ್ಕಾ," ಎಂದಳು ಮೈಮುನಬಿ ನಗು ತಡೆಯಲಾರದೆ. "ಹೆಚ್ಚಾಗೈತಿ. ಮೊದ್ಲ ಬರೇ ಗಿಡ ಬರ್ತಿದ್ದುವು. ಈಗ ಬೆಕ್ಕೂ ಬರಾಕತ್ತಾವು."

ಆಗ ಮೇಲಿನಿಂದ ಒಂದು ಸೀನು ಕೇಳಿತು. ಇಬ್ಬರೂ ತಲೆ ಎತ್ತಿದರು. ಬಚ್ಚಲಮನೆಯ ಮಾಳಿಗೆಯ ಮೇಲೆ ರಬ್ಬರ್ ಕೈಗವಸು ಹಾಕಿಕೊಂಡ ಈರಬಸಪ್ಪ ಕುಕ್ಕರಗಾಲಿನಲ್ಲಿ ಕುಳಿತಿದ್ದ.

"ಏನ ಮಾಡಾಕತ್ತೀರಿ ಅಲ್ಲೆ?"

"ಕರೆಂಟ್ ನೋಡಾಕತ್ತೀನಿ."

"ಬಚ್ಚಲದ ಮ್ಯಾಲ ಯಾವ ಕರೆಂಟ್‌ರಿ?"

ಮಹಾದೇವಕ್ಕ ಏಣಿ ಹತ್ತಿದಳು. ಬೀದಿದೀಪದ ಗಾಜಿನ ಮುಚ್ಚಳ ಬೋರಲಾಗಿತ್ತು, ಒಳಗೆಲ್ಲ ಇಬ್ಬನಿ ಕಟ್ಟಿತ್ತು. ಅದರ ಮೇಲೆ ಬಿಸಿಲು ತಾಗದಂತೆ ಒಂದು ಗೋಣಿಚೀಲದ ಮರೆ. ಗಾಜಿನಡಿ ಒಂದೊಂದು ಹಳೆಯ ಡಬ್ಬಿಯಲ್ಲಿ ಒಂದೊಂದರಂತೆ ನಾಲ್ಕು ಸಸಿಗಳು, ನೆಟ್ಟಗೆ, ಹೊಸ ಚಿಗುರಿನೊಂದಿಗೆ. ಡಬ್ಬಿಯ ತಳದ ತೂತಿನಲ್ಲಿ ಬಿಳಿಯ ಬೇರು ಇಣುಕುತ್ತಿತ್ತು.

ಅವನು ಕಂಬದ ಮೇಲೆ ತಪ್ಪು ತಂತಿ ಕತ್ತರಿಸಿದವನಂತೆ ನಿಂತ. "ನಾ ಏನೂ ಮಾಡಿಲ್ಲ ಮಹಾದೇವಿ. ನಿನ್ನ ನೋಡಿ ಕಲ್ತೆ, ಹಂಗ ಹಚ್ಚಿದೆ. ಕೈಗವಸ ಹಾಕ್ಕೊಂಡಿದ್ದೆ, ಎಲಿ ಮುಟ್ಟಿಲ್ಲ. ಗಾಜು ಮುಚ್ಚಿದೆ. ಒಂದರೆ ನಾಟಿದ್ರ ನಸುಕಿನ್ಯಾಗ ನಿನ್ನ ಕರಟದಾಗ ಇಟ್ಟು ಬಿಡೂಣು ಅಂತ... ನಾಲ್ಕೂ ನಾಟಿಬಿಟ್ಟುವು. ನಾ ಬಯಸಿದ್ದಿಲ್ಲ."

ಮಹಾದೇವಕ್ಕ ಏಣಿ ಇಳಿದಳು. ಆ ಬೆಳಿಗ್ಗೆ ಅವಳು ರೊಟ್ಟಿ ತಟ್ಟುವ ಸಪ್ಪಳ ಓಣಿಯ ತುದಿಯವರೆಗೆ ಕೇಳಿಸಿತು. ಬೆಕ್ಕು ಸೋಲಿಸಿದ್ದು ದೊಡ್ಡದಲ್ಲ. ಅವಳ ಅಕ್ಕರೆಯೇ ಸಸಿಗಳನ್ನು ಕೊಂದಿತ್ತು, ಮುಟ್ಟಲು ಹೆದರುವ ಕೈ ಅವನ್ನು ಬದುಕಿಸಿತ್ತು. ಇದನ್ನು ಯಾವ ಹಿಟ್ಟಿನಲ್ಲಿ ನಾದಬೇಕೋ ಅವಳಿಗೆ ತಿಳಿಯಲಿಲ್ಲ.

ಹತ್ತು ಗಂಟೆಗೆ ಸುಭಾಸ ಬಂದ. "ಹದಾ ಆಗೈತಿ ದೊಡ್ಡವ್ವಾ. ನಾಳೆ ಮುಂಜಾನೆ ಬಿತ್ತೂದು. ನೀ..." ಎಂದು ಮುಂದಿನದನ್ನು ನುಂಗಿ, ಅವಳ ಕೈ ನೋಡಿ, ಹೋದ.

"ಒಂದ ತಗೊಂಡು ಕರಟದಾಗ ಇಡು," ಎಂದ ಈರಬಸಪ್ಪ. "ಯಾರಿಗೆ ಗೊತ್ತಾಕ್ಕೈತಿ?"

"ನನಗ ಗೊತ್ತಿರತೈತಲ್ಲರಿ. ನೀವು ಕೊಟ್ಟದ್ದು ನನ್ನ ಕೈದು ಹೆಂಗಾಕ್ಕೈತಿ? ಸುಳ್ಳ ಹೇಳಿದ ಮುಷ್ಟಿಲೆ ಕಾಳ ಹಾಕಿದ್ರ ಹುಟ್ಟತಾವೇನು?"

ಗೋಡೆಯಾಚೆ ಮಗ್ಗದ ಮೇಲೆ ಕಬ್ಬಿಣದ ಪಂಜಾ ಎಳೆಗಳನ್ನು ಬಡಿಯುತ್ತಿದ್ದ ಸದ್ದು ನಿಂತಿತು.

"ಕೊಟ್ಟದ್ದು ಆಗೂದಿಲ್ಲ ಖರೆ," ಎಂದಳು ಮೈಮುನಬಿ. "ಕದ್ದದ್ದು?"

ಕದ್ದು ಮಣ್ಣಿಗಿಟ್ಟದ್ದು ಕದ್ದವಳ ಕೈಯ ಗಿಡ. ಐವತ್ತು ವರ್ಷ ಊರೆಲ್ಲ ಅವಳ ಹಿತ್ತಲಿನಿಂದ ಆ ಕಾಯಿದೆಯನ್ನೇ ಹೊತ್ತೊಯ್ದಿತ್ತು. ಮಹಾದೇವಕ್ಕ ಸೆರಗು ಸರಿಪಡಿಸಿಕೊಂಡು, ಕೊಟ್ಟಿಗೆಯ ಕಡೆ ಏನೋ ನೆನಪಾದವಳಂತೆ ಎರಡು ಹೆಜ್ಜೆ ಹಾಕಿ, ಏಣಿಯ ಹತ್ತಿರ ನಿಂತು, ಮೋಡ ನೋಡತೊಡಗಿದಳು. ಹೆಚ್ಚು ಹೊತ್ತು ನೋಡಿದಳು.

ಈರಬಸಪ್ಪನಿಗೆ ತಿಳಿಯಲು ತುಸು ತಡವಾಯಿತು. ತಿಳಿದ ಕೂಡಲೆ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. ನಾಲ್ಕು ಮನೆಗೆ ಕೇಳುವಂತೆ, "ನಾ ಒಳಗ ಹೊಂಟೀನವಾ, ಚಾ ಇಡ್ತೀನಿ!" ಎಂದು ಕೂಗಿ ಒಳಗೆ ನಡೆದ.

ಹುಟ್ಟಿದಾಗಿನಿಂದ ಅವನು ಚಹಾ ಮಾಡಿರಲಿಲ್ಲ. ಮೂವತ್ನಾಲ್ಕು ವರ್ಷ ಹನ್ನೊಂದು ಸಾವಿರ ವೋಲ್ಟಿನ ಸಂಗಡ ಬಾಳಿದವನಿಗೆ ಗ್ಯಾಸ್ ಒಲೆಯೆಂದರೆ ಜೀವಭಯ.

"ಮಹಾದೇವೀ, ಇದನ್ನ ಯಾವ ಕಡೆ ತಿರುವೂದು?" ಎಂದು ಒಳಗಿನಿಂದ ಕೂಗಿದ.

ಅವಳು ಏಣಿಯ ನಾಲ್ಕನೆಯ ಮೆಟ್ಟಿಲಲ್ಲಿದ್ದಳು. ಬಾಯಿ ಬಿಡುವಂತಿರಲಿಲ್ಲ.

"ಎಡಕ್ಕ ತಿರುವ್ರಿ ಅಣ್ಣಾ!" ಎಂದು ಗೋಡೆಯಾಚೆಯಿಂದ ಮೈಮುನಬಿ ಉತ್ತರ ಕೊಟ್ಟಳು.

"ಸಕ್ರಿ ಎಲ್ಲೈತಿ?"

ಮಹಾದೇವಕ್ಕ ಗಾಜು ಎತ್ತಿದಳು. ಬೆಚ್ಚಗಿನ, ಹಸಿ ವಾಸನೆ ಮುಖಕ್ಕೆ ಬಂತು. ಡಬ್ಬಿಯೊಂದನ್ನು ಸೆರಗಿನಡಿ ಸೇರಿಸಿದಳು. ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. ಕುಬಿಹಾಳದ ಹಿತ್ತಲಲ್ಲಿ ಮಲ್ಲಿಗೆ ಮುರಿದ ದಿನವೂ ಹೀಗೇ ಹಿಡಿದಿದ್ದಳು.

"ಸಕ್ರಿ ಡಬ್ಬಿ ಕಾಣವೊಲ್ದು! ಬೆಲ್ಲ ಹಾಕ್ಲೇನು?"

ಮೈಮುನಬಿ ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

ಚಪ್ಪರದ ಬದಿಯಲ್ಲಿ ಮಹಾದೇವಕ್ಕ ಕುಣಿ ತೋಡಿ, ಬೇರಿನ ಮುದ್ದೆ ಒಡೆಯದಂತೆ ಸಸಿ ಇಳಿಸಿ, ಮಣ್ಣು ಮುಚ್ಚಿದಳು. ಅವಳ ಎರಡೂ ಅಂಗೈಗಳು ತಾವಾಗಿಯೇ ಎಲೆಯ ಕಡೆ ಹೊರಟವು. ಒಂದಂಗುಲ ದೂರದಲ್ಲಿ ನಿಲ್ಲಿಸಿದಳು. ಐವತ್ತು ವರ್ಷ ಸವರಿದ ಕೈಗಳನ್ನು, ಹಟಮಾರಿ ಮಕ್ಕಳನ್ನು ಎಳೆದುಕೊಂಡು ಬಂದಂತೆ ಬೆನ್ನ ಹಿಂದೆ ಕಟ್ಟಿಕೊಂಡಳು. ಬಾಗಿ, ದೂರದಿಂದಲೇ, "ಬಾ ನನ್ನವ್ವಾ," ಎಂದಳು. ಯಾವುದಕ್ಕೂ ಇರಲೆಂದು ಮುಳ್ಳುಬೇಲಿಯ ತುಂಡು ಸುತ್ತ ಇಟ್ಟಳು.

ಒಳಗೆ ಯಾರೋ ಜೋರಾಗಿ ಕೆಮ್ಮಿದರು. ಈರಬಸಪ್ಪ ರಬ್ಬರ್ ಕೈಗವಸಿನಲ್ಲಿ ಮೂರು ಬಟ್ಟಲು ಹಿಡಿದು ಬಂದ. ಬೆಲ್ಲಕ್ಕೆ ಹಾಲು ಒಡೆದು ಚಹಾದಲ್ಲಿ ಗಂಟುಗಳು ತೇಲುತ್ತಿದ್ದವು. ಅವಳ ಸೆರಗಿಗೆ ಮಣ್ಣು ಹತ್ತಿದ್ದನ್ನು ನೋಡಿಯೂ ನೋಡದವನಂತೆ, "ಮೋಡ ಛಲೋ ಆಗೈತಿ," ಎಂದ. ಒಂದು ಬಟ್ಟಲು ಗೋಡೆ ದಾಟಿ ಮೈಮುನಬಿಗೆ ಹೋಯಿತು. ಮೂವರೂ ಆ ಚಹಾವನ್ನು ಕೊನೆಯ ಹನಿಯವರೆಗೆ ಕುಡಿದರು.

ಮರುಮುಂಜಾನೆ ಸಸಿ ನೆಟ್ಟಗೆ ನಿಂತಿತ್ತು. ನವಾಬ ಮುಳ್ಳಿನ ಪಕ್ಕ ಹಾದು ಗೋಡೆ ಹಾರಿತು, ತಿರುಗಿ ನೋಡಲಿಲ್ಲ. ಮಹಾದೇವಕ್ಕ ಹುಣಸೆಹಣ್ಣು ಹಚ್ಚಿ ಮೂರು ಸಲ ಕೈ ತೊಳೆದು, ಹೊಸ ಸೀರೆ ಉಟ್ಟು, ಕರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದಳು.

"ನಾಟಿತೇನು ದೊಡ್ಡವ್ವಾ?" ಎಂದ ಸುಭಾಸ ಟ್ರ್ಯಾಕ್ಟರಿನಿಂದಲೇ.

"ನಾಟೈತಿ."

"ಯಾರ ಕೈದು?"

"ಕದ್ದ ಕೈದು. ನಡಿ ಮುಂದ."

ಎರೆಹೊಲ ಕಪ್ಪಗೆ, ಒದ್ದೆಯಾಗಿ ಉಸಿರಾಡುತ್ತಿತ್ತು. ಮಹಾದೇವಕ್ಕ ಹೆಸರುಕಾಳಿನ ಚೀಲಕ್ಕೆ ಕೈ ಹಾಕಿ, ಮುಷ್ಟಿ ತುಂಬಿ, ಒಂದು ಕ್ಷಣ ಎದೆಯ ಹತ್ತಿರ ಹಿಡಿದು, ಪೆಟ್ಟಿಗೆಗೆ ಬಿಟ್ಟಳು. ಕಾಳುಗಳನ್ನು ಅವಳು ಮನದಣಿಯೆ ಸವರಿದಳು. ಹೆಸರುಕಾಳಿಗೆ ಬೆಕ್ಕು ಬರುವುದಿಲ್ಲ.

ಸಂಜೆ ಮನೆಗೆ ಬಂದಾಗ ಈರಬಸಪ್ಪ ಮಾಳಿಗೆಯ ಮೇಲಿನಿಂದ ಕೈ ಬೀಸುತ್ತಿದ್ದ. ಬದುಕಿನಲ್ಲಿ ಅವನ ಗಿಡವನ್ನು ಯಾರೂ ಕದ್ದಿರಲಿಲ್ಲ. ಕದಿಯುವಂಥದ್ದು ಅವನ ಹತ್ತಿರ ಎಂದೂ ಬೆಳೆದಿರಲಿಲ್ಲ.

"ಮಹಾದೇವೀ! ಮೂರ ಉಳಿದಿದ್ದುವು, ಈಗ ಎರಡ ಅದಾವು! ಮತ್ತೊಂದು ಕಳುವಾಗೈತಿ!" ಅವನ ದನಿ ಮೊಮ್ಮಗ ಹುಟ್ಟಿದವನ ದನಿಯಂತಿತ್ತು.

ಗೋಡೆಯಾಚೆ ಮೈಮುನಬಿಯ ಪಂಜಾ ಏನೂ ಅರಿಯದಂತೆ ಟಕಟಕ ಬಡಿಯುತ್ತಿತ್ತು.

"ಮೆಲ್ಲಗ ಅನ್ರಿ," ಎಂದಳು ಮಹಾದೇವಕ್ಕ ಏಣಿ ಹಿಡಿಯುತ್ತ. "ಕೆಳಗಿಳೀರಿ ಮೊದ್ಲ. ಇನ್ನ ಎರಡು ಹೋಗೂದ್ರಾಗ ನೀವು ಸಕ್ರಿ ಡಬ್ಬಿ ಯಾವುದು ಅಂತ ಕಲೀಬೇಕು."